ಹರಣ್ಯಾನ ಪಾಲಿನ ದ್ವಾಸಿ

ಅವ್ವನನ್ನು ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ ನಾಗನೂರಿನ ನಮ್ಮ ತವರುಮನೆಯ ಅಡುಗೆಮನೆಯಲ್ಲಿ ಪ್ಯಾನ್‌ಕೇಕ್ ತಯಾರಾಗುತ್ತಿತ್ತು. ಸಾವಾದ ಮನೆಯಲ್ಲಿ ಮೂರು ದಿನ ಒಲೆ ಹೊತ್ತಿಸಬಾರದೆಂಬುದು ನಮ್ಮವರ ಪದ್ಧತಿ. ಓಣಿಯವರು ಬುತ್ತಿ ತಂದುಕೊಡುತ್ತಾರೆ, ಮನೆಯವರು ಅದನ್ನೇ ಉಣ್ಣುತ್ತಾರೆ. ಅಂದೂ ಬಾಜೂ ಮನೆಯಿಂದ ಬಂದ ರೊಟ್ಟಿ, ಬದನೆಕಾಯಿ ಪಲ್ಯ ಬುಟ್ಟಿಯಲ್ಲಿ ಮುಚ್ಚಿಟ್ಟಿತ್ತು. ಆದರೆ ಅಪ್ಪನ ತಮ್ಮ ಕಾಕಾನ ಮೊಮ್ಮಗ ಪ್ರಜ್ವಲನಿಗೆ ರೊಟ್ಟಿ ನಡೆಯುವುದಿಲ್ಲ. ಅವನು ಗೋಕಾಕದಲ್ಲಿ ಜಿಮ್ಮಿಗೆ ಹೋಗುತ್ತಾನೆ. ಅಜ್ಜಿ ಸತ್ತ ಸುದ್ದಿ ಕೇಳಿ ಹೊರಡುವ ಅವಸರದಲ್ಲಿ ಬಟ್ಟೆಯ ಚೀಲವನ್ನು ಮರೆತು ಬಂದಿದ್ದ. ಕರಿಯ ಡಬ್ಬಿ, ಓಟ್ಸ್ ಪೊಟ್ಟಣ, ಬಾಳೆಹಣ್ಣು, ಆರು ತತ್ತಿ ಇವನ್ನು ಮಾತ್ರ ಮರೆತಿರಲಿಲ್ಲ. ಡಬ್ಬಿಯ ಮೇಲೆ ಅಂಗಿ ಇಲ್ಲದ ಒಬ್ಬ ಗಂಡಸಿನ ಚಿತ್ರವಿತ್ತು. ಅವನಿಗೆ ಕುತ್ತಿಗೆ ಇರಬೇಕಾದ ಜಾಗದಲ್ಲೂ ಭುಜವೇ ಇತ್ತು. ನಾನು ಒಲೆಯ ವಿಷಯ ನೆನಪಿಸಿದಾಗ ಪ್ರಜ್ವಲ ಕರುಣೆಯಿಂದ ನನ್ನನ್ನು ನೋಡಿದ.

“ಒಲಿ ಹಚ್ಚಬಾರದು ಖರೆ ಅತ್ತಿ. ಇದ ಒಲಿ ಅಲ್ಲ, ಇಂಡಕ್ಷನ್.”

ತತ್ತಿ ಒಡೆದು ಬಿಳಿಯದನ್ನು ಇಟ್ಟುಕೊಂಡು ಹಳದಿಯನ್ನು ಬಚ್ಚಲಿಗೆ ಚೆಲ್ಲಿದ. ಎಲ್ಲವನ್ನೂ ಮಿಕ್ಸರಿನಲ್ಲಿ ತಿರುವಿ, ತವೆಯ ಮೇಲೆ ಅಂಗೈಯಗಲ ನಾಲ್ಕು ಹೊಯ್ದು, ತಿನ್ನುವ ಮೊದಲು ಅದರ ಫೋಟೋ ತೆಗೆದ. ನನಗೂ ಒಂದು ತುಂಡು ಕೊಟ್ಟ. ನೆನೆದ ರಟ್ಟಿಗೆ ಐಸ್‌ಕ್ರೀಮಿನ ವಾಸನೆ ಹಚ್ಚಿದಂತಿತ್ತು. ಒಂದೊಂದರಲ್ಲಿ ಎಷ್ಟು ಪ್ರೋಟೀನ್ ಇದೆ ಎಂದು ಅವನು ನನಗೆ ವಿವರಿಸುತ್ತಿದ್ದಾಗ ಕಾಕಾ ಬಡಿಗೆ ಊರುತ್ತ ಹೊಸ್ತಿಲಿಗೆ ಬಂದ. ಮಾತಾಡಿಸಲು ಬಂದವರು ನಾಲ್ಕು ಜನ ಪಡಸಾಲೆಯಲ್ಲಿ ಕೂತಿದ್ದರು. ಅವರಿಗೂ ಕೇಳಲಿ ಎಂದು ದನಿ ಎತ್ತಿಯೇ ಹೇಳಿದ.

“ಈಗಿನವ್ರು ಡಬ್ಬಿ ತರತಾರ. ನಮ್ಮಣ್ಣ ಈ ಹುಡುಗ್ಯಾರನ್ನ ಹಾಲು, ತತ್ತಿ, ಹುಳ್ಳಿ ತಿನಿಸಿ ಬೆಳಿಸ್ಯಾನ. ನೋಡ್ರಿ ಈ ಕಸ್ತೂರಿನ್ನ, ಹೆಂಗ ಅದಾಳ.”

ಕಸ್ತೂರಿ ನನ್ನ ತಂಗಿ. ಹುಕ್ಕೇರಿಯಲ್ಲಿ ಪ್ರಾಥಮಿಕ ಶಾಲೆಯ ಅಕ್ಕೋರು. ಅಗಲ ಹೆಗಲು, ಗಟ್ಟಿ ದನಿ, ನನಗಿಂತ ಗೇಣುದ್ದ ಎತ್ತರ. ಗೋಡೆಗೆ ಆತು ಕೂತಿದ್ದವಳು ಕಾಕಾನ ಮಾತಿಗೆ ತಲೆ ಎತ್ತಿ ನನ್ನನ್ನೊಮ್ಮೆ ನೋಡಿದಳು. ಸಾವಿನ ಮನೆಯಲ್ಲಿ ಹಿರಿಯರಿಗೆ ಎದುರಾಡುವುದು ನಮಗೆ ಬಂದಿಲ್ಲ. ನಾನು ಹತ್ತನೇ ಇಯತ್ತೆಯ ತನಕ ಓದಿದವಳು, ಕಾಗದ ಬರೆದದ್ದು ಬಿಟ್ಟರೆ ಬೇರೇನೂ ಬರೆದವಳಲ್ಲ. ಆದರೆ ಆ ಒಂದು ಮಾತು ನನ್ನನ್ನು ಈ ಬರೆಹಕ್ಕೆ ಕೂರಿಸಿತು. ಹಾಲು ಖರೆ, ತತ್ತಿ ಖರೆ, ಹುರುಳಿಯೂ ಖರೆ. ತಿಂದವರು ಮಾತ್ರ ನಾವಲ್ಲ. ತಿಂದದ್ದು ಹರಣ್ಯಾ ಎಂಬ ಎತ್ತು.

ನಮ್ಮ ಮನೆಯಲ್ಲಿ ಆಗ ಮೂರು ಅಂಕಣ. ಮುಂದೆ ಪಡಸಾಲೆ, ನಡುವೆ ಕತ್ತಲೆಯ ಅಡುಗೆಮನೆ, ಹಿಂದೆ ಕೊಟ್ಟಿಗೆ. ಮೂರರಲ್ಲಿ ಗಾಳಿ ಬೆಳಕು ಇದ್ದದ್ದು ಕೊಟ್ಟಿಗೆಗೆ. ಎತ್ತಿಗೆ ಸೆಕೆ ಆಗಬಾರದೆಂದು ಅಪ್ಪ ಅದರ ಗೋಡೆ ಒಡೆಸಿ ಕಿಟಕಿ ಇಡಿಸಿದ್ದ. ಅಡುಗೆಮನೆಗೆ ಒಂದು ಬೆಳಕಿಂಡಿ ಮಾಡಿಸಿಕೊಡು ಎಂದು ಅವ್ವ ಮದುವೆಯಾದ ವರ್ಷದಿಂದ ಕೇಳುತ್ತಿದ್ದಳಂತೆ. ಹೊಗೆ ಹೋಗಲು ಹಂಚು ಒಂದೆರಡು ಸರಿಸಿಕೊ ಎಂದು ಆಯಿ, ಅಂದರೆ ಅಪ್ಪನ ತಾಯಿ, ಹೇಳುತ್ತಿದ್ದಳಂತೆ. ಹರಣ್ಯಾ ಉಳುವ ಎತ್ತಲ್ಲ. ಬಂಡಿ ಓಟದ ಎತ್ತು. ನಮ್ಮ ಭಾಗದಲ್ಲಿ ಈ ಓಟಕ್ಕೆ ಶರ್ಯತ್ತು ಎನ್ನುತ್ತಾರೆ. ಇವತ್ತಿಗೂ ಶರ್ಯತ್ತಿನ ಎತ್ತು ಸಾಕಿದವನಿಗೆ ಸುತ್ತಲಿನ ಹಳ್ಳಿಗಳಲ್ಲಿ ಸಿಗುವ ನಮಸ್ಕಾರ ನಾಲ್ಕು ಮಕ್ಕಳನ್ನು ಸಾಕಿದವನಿಗೆ ಸಿಗುವುದಿಲ್ಲ. ಅಪ್ಪನಿಗೂ ಕಾಕಾನಿಗೂ ಆ ನಮಸ್ಕಾರದ ಹಸಿವು. ಹೊಲದ ಕೆಲಸವನ್ನು ಆಳುಗಳಿಗೂ ಅವ್ವನಿಗೂ ಬಿಟ್ಟು, ಅಣ್ಣತಮ್ಮ ಇಬ್ಬರೂ ಎತ್ತಿನ ಮೈ ತಿಕ್ಕುವುದು, ಅದರ ಕೋಡಿಗೆ ಎಣ್ಣೆ ಹಚ್ಚುವುದು, ಅದನ್ನು ನೋಡಲು ಬಂದವರ ಎದುರು ಅದರ ಬೆನ್ನಿನ ಮೇಲೆ ಕೈ ಆಡಿಸುತ್ತ ನಿಲ್ಲುವುದು, ಇದರಲ್ಲೇ ಇರುತ್ತಿದ್ದರು. ಅಪ್ಪ ನನ್ನ ಬೆನ್ನಿನ ಮೇಲೆ ಹಾಗೆ ಕೈ ಆಡಿಸಿದ್ದು ನನಗೆ ನೆನಪಿಲ್ಲ. ಎತ್ತಿನ ಮೇಲೆ ನನಗೆ ಸಿಟ್ಟಿಲ್ಲ. ಅದು ಕೇಳಿ ತಿಂದದ್ದಲ್ಲ.

ಹರಣ್ಯಾನ ತಿನಿಸಿಗೆ ಒಂದು ಪೂಜೆಯಷ್ಟು ವಿಧಿ ಇತ್ತು. ಸಂಜೆ ಎರಡು ಸೇರು ಹುರುಳಿ, ಅರ್ಧ ಸೇರು ಉದ್ದು ನೆನೆಹಾಕಬೇಕು. ಅಳೆದು ಹಾಕುವವಳು ಆಯಿ. ಸೇರಿನ ಮೇಲೆ ಕೈ ಎಳೆದು ಮಟ್ಟ ಮಾಡಿ, ಒಂದು ಕಾಳು ನೆಲಕ್ಕೆ ಬಿದ್ದರೂ ಆರಿಸಿ ಹಾಕುತ್ತಿದ್ದಳು. ನಸುಕಿನಲ್ಲಿ ಅವ್ವ ಎದ್ದು ಅದನ್ನು ಒರಳಿನಲ್ಲಿ ರುಬ್ಬಬೇಕು. ಅದಕ್ಕೆ ಹಾಲು, ಶೇಂಗಾ ಪುಡಿ, ಎಂಟು ತತ್ತಿ ಕೂಡಿಸಿ ಕಲಸಬೇಕು. ಕೊನೆಗೆ ಬೆಲ್ಲ. ಸ್ವಲ್ಪ ಉಂಡೆ ಕಟ್ಟಿ ತಿನಿಸುವುದು, ಉಳಿದದ್ದನ್ನು ತೆಳ್ಳಗೆ ಮಾಡಿ ಬಿದಿರಿನ ಗೊಟ್ಟದಿಂದ ಗಂಟಲಿಗೆ ಹೊಯ್ಯುವುದು. ಗೊಟ್ಟ ಹಿಡಿಯುವುದು ಮಾತ್ರ ಗಂಡಸರ ಕೆಲಸ. ಅಷ್ಟು ಮಾಡಿ ಕಾಕಾ ಮೀಸೆ ಒರೆಸಿಕೊಳ್ಳುತ್ತಿದ್ದ, ತಾನೇ ಕುಡಿದವನಂತೆ.

ತತ್ತಿಯ ವಿಷಯ ಬಿಡಿಸಿ ಹೇಳಬೇಕು. ನಮ್ಮದು ಕೊರಳಲ್ಲಿ ಲಿಂಗವಿದ್ದ ಮನೆ. ತತ್ತಿ ಎಂಬ ಶಬ್ದವನ್ನು ಆಯಿ ಬಾಯಿಂದ ಆಡುತ್ತಿರಲಿಲ್ಲ, ‘ಅದು’ ಎನ್ನುತ್ತಿದ್ದಳು. ಹಿಂದಿನ ಓಣಿಯ ಹುಸೇನಬಿ ದಿನವೂ ಸೆರಗಿನಲ್ಲಿ ‘ಅದನ್ನು’ ತಂದು ಕೊಟ್ಟಿಗೆಯ ಹಿಂಬಾಗಿಲಿಗೆ ಕೊಟ್ಟು ಹೋಗಬೇಕು, ಮುಂಬಾಗಿಲಿಗೆ ಬರಬಾರದು. ಅದು ಅಡುಗೆಮನೆಯ ಹೊಸ್ತಿಲು ದಾಟಬಾರದು. ಕಲಸಿದ ಮೇಲೆ ಅವ್ವ ಸ್ನಾನ ಮಾಡಿಯೇ ಒಳಗೆ ಬರಬೇಕು. ಮಕ್ಕಳು ಮುಟ್ಟುವುದಂತೂ ದೂರ. ಎತ್ತು ತಿಂದರೆ ಮೈಲಿಗೆ ಇಲ್ಲ, ಏಕೆಂದರೆ ಎತ್ತು ಬಸವಣ್ಣ. ಹೀಗೆ ಬಸವಣ್ಣ ಬೆಳಿಗ್ಗೆ ಎಂಟು ತತ್ತಿ ತಿನ್ನುತ್ತಿದ್ದ, ನಾವು ಜೋಳದ ನುಚ್ಚಿಗೆ ಖಾರ ಹಚ್ಚಿಕೊಂಡು ಶಾಲೆಗೆ ಹೋಗುತ್ತಿದ್ದೆವು. ಈ ವ್ಯವಸ್ಥೆಯಲ್ಲಿ ನಗೆಪಾಟಲಿನದು ಏನಾದರೂ ಇದೆ ಎಂದು ನಮ್ಮ ಮನೆಯ ಯಾವ ಗಂಡಸಿಗೂ ಹೊಳೆಯಲಿಲ್ಲ. ಇವತ್ತು ಅದೇ ಮನೆಯ ಅಡುಗೆಕಟ್ಟೆಯ ಮೇಲೆ ಒಡೆದ ಆರು ತತ್ತಿಯ ಹಳದಿ ಬಚ್ಚಲು ಸೇರಿದರೂ ಯಾರಿಗೂ ಏನೂ ಅನ್ನಿಸುವುದಿಲ್ಲ. ಎರಡನ್ನೂ ನೋಡಿದವಳು ನಾನು.

ಆ ವರ್ಷ ಕಸ್ತೂರಿಗೆ ದಡಾರ ಬಂತು. ನನಗೆ ಒಂಬತ್ತು, ಅವಳಿಗೆ ಆರು. ದಡಾರ ಇಳಿಯಿತು, ಆದರೆ ಅವಳು ಏಳಲಿಲ್ಲ. ಮೊಣಕಾಲು ಸೌಟಿನ ಹಾಗೆ ದಪ್ಪಗೆ ಕಾಣುತ್ತಿತ್ತು, ಮೇಲೆ ಕೆಳಗೆ ಕಡ್ಡಿ. ಕೂದಲು ಕೆಂಪಾಗಿ ಎಳೆದರೆ ಕೈಗೆ ಬರುತ್ತಿತ್ತು. ಪಾದ ಬಾತಿದ್ದನ್ನು ನೋಡಿ ಆಯಿ ಮೈ ತುಂಬಿಕೊಂಡಳು ಎಂದಳು. ಅವ್ವ ಅವಳನ್ನು ಹೆಗಲ ಮೇಲೆ ಹಾಕಿಕೊಂಡು, ನನ್ನನ್ನೂ ಜೊತೆಗೆ ಕರೆದುಕೊಂಡು ಮೂಡಲಗಿಗೆ ನಡೆದಳು. ಬಂಡಿ ಕೊಡಲಿಲ್ಲ. ಹೊಲದ ಎತ್ತುಗಳಿಗೆ ಅಂದು ವಿಶ್ರಾಂತಿ. ಮೂಡಲಗಿಯ ಡಾಕ್ಟರು ಕಸ್ತೂರಿಯ ಪಾದವನ್ನು ಹೆಬ್ಬೆರಳಿನಿಂದ ಒತ್ತಿ, ಕುಳಿ ಬಿದ್ದದ್ದು ಏಳದೇ ಹಾಗೇ ನಿಂತದ್ದನ್ನು ಅವ್ವನಿಗೆ ತೋರಿಸಿದರು.

“ಇಕಿಗೆ ಬೇಕಾದ್ದ ಔಷಧ ಅಲ್ಲವಾ. ಕಾಳು, ಹಾಲು, ತತ್ತಿ ತಿನಸ್ರಿ. ಇಲ್ಲಂದ್ರ ಇನ್ನೊಮ್ಮೆ ಕರಕೊಂಡ ಬರೂ ಪ್ರಸಂಗ ಬರಾಂಗಿಲ್ಲ.”

ಕೊನೆಯ ಮಾತು ನನಗೆ ಆಗ ತಿಳಿಯಲಿಲ್ಲ. ಮತ್ತೆ ಬರಬೇಕಾಗಿಲ್ಲ ಎಂದರೆ ಒಳ್ಳೆಯದೇ ಎಂದುಕೊಂಡೆ. ಅವ್ವ ಮನೆಗೆ ಬಂದು ಅಪ್ಪನಿಗೆ ಹೇಳಿದಳು. ಹಾಲು ಒಂದು ಲೋಟ ಕೊಡು ಎಂದ. ಹುರುಳಿ ಎಂದಾಗ, ಅದೇನು ಮನುಷ್ಯರು ತಿನ್ನುವುದೇ, ಊರಲ್ಲಿ ಗೊತ್ತಾದರೆ ಮಕ್ಕಳಿಗೆ ದನದ ತಿನಿಸು ಹಾಕುತ್ತಾರೆ ಅನ್ನುತ್ತಾರೆ ಎಂದ. ಮೂರನೆಯದನ್ನು ಅವಳು ಹೇಳುವ ಮೊದಲೇ ಆಯಿ ಎರಡೂ ಕಿವಿ ಮುಚ್ಚಿಕೊಂಡಳು. ಆ ಒಂದು ಲೋಟ ಹಾಲಿಗೆ ಆಯಿ ಅರ್ಧ ನೀರು ಬೆರೆಸುತ್ತಿದ್ದಳು ಎಂಬುದನ್ನೂ ಇಲ್ಲಿ ಬರೆಯುತ್ತೇನೆ. ಸತ್ತು ನಲವತ್ತು ವರ್ಷ ಆಗಿರಬಹುದು, ಆದರೂ ಬರೆಯುತ್ತೇನೆ.

ಮರುದಿನ ನಸುಕಿನಲ್ಲಿ ಅವ್ವ ನನ್ನನ್ನು ಎಬ್ಬಿಸಿದಳು. ಆಯಿ ಅಳೆದ ಹುರುಳಿ ಅಷ್ಟೂ ಒರಳಿಗೆ ಬಿದ್ದಿತ್ತು, ಕಾಕಾ ಎಣಿಸಿಟ್ಟ ತತ್ತಿ ಎಂಟೂ ಒಡೆದಿತ್ತು. ಕದಿಯುವವಳು ಕಾಳನ್ನೋ ತತ್ತಿಯನ್ನೋ ಕದಿಯುತ್ತಾಳೆ ಎಂದು ಅವರು ಕಾವಲಿದ್ದದ್ದು. ಕಲಸಿ ಆದ ಮೇಲೆ ಅದು ಬರಿಯ ಎತ್ತಿನ ತಿನಿಸು, ಅದನ್ನು ಯಾರು ಮುಟ್ಟುತ್ತಾರೆ. ಅವ್ವ ಬೆಲ್ಲ ಹಾಕುವ ಮೊದಲು ಒಂದು ತಂಬಿಗೆ ಬದಿಗೆ ತೆಗೆದಳು. ಪಾತ್ರೆಯಲ್ಲಿ ಕಡಿಮೆಯಾದದ್ದಕ್ಕೆ ಬೂಸಾ ಮತ್ತು ನೀರು ತುಂಬಿದಳು. ತೆಗೆದಿಟ್ಟದ್ದಕ್ಕೆ ಉಪ್ಪು, ಹಸಿಮೆಣಸು, ಬೆಳ್ಳುಳ್ಳಿ, ಹೆಚ್ಚಿದ ಉಳ್ಳಾಗಡ್ಡಿ. ದನಗಳ ನೀರು ಕಾಯಿಸುವ ಮೂರು ಕಲ್ಲಿನ ಒಲೆಯ ಮೇಲೆ ಹಳೆಯ ಹಂಚು ಇಟ್ಟು, ಉಳ್ಳಾಗಡ್ಡಿಯ ಹೋಳಿನಿಂದ ಎಣ್ಣೆ ಸವರಿ, ನಮ್ಮ ಕಡೆ ದ್ವಾಸಿ ಎನ್ನುವ ದೋಸೆಯ ಹಾಗೆ ಹಿಟ್ಟು ಹೊಯ್ದಳು. ತೆಳ್ಳಗೆ ಹರಡಲಿಲ್ಲ. ಹುರುಳಿ ತೆಳ್ಳಗಾದರೆ ಹಪ್ಪಳದಂತೆ ಒಣಗುತ್ತದೆ, ದಪ್ಪಗಿದ್ದರೆ ಒಳಗೆ ಹಸಿ ಉಳಿದು ಹೊಟ್ಟೆ ಕೆಡಿಸುತ್ತದೆ. ಬೆರಳಿನಷ್ಟು ದಪ್ಪ ಇರಬೇಕು, ಮೇಲೆ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಬೇಕು, ಅಂಚು ಹಂಚನ್ನು ತಾನಾಗಿ ಬಿಟ್ಟಾಗ ತಿರುವಿ ಹಾಕಬೇಕು. ತತ್ತಿ ಇದ್ದುದರಿಂದ ಅದು ಉಬ್ಬಿ ಮೆತ್ತಗಾಗುತ್ತಿತ್ತು. ಬಣ್ಣ ಮಾತ್ರ ಕೊಟ್ಟಿಗೆಯ ನೆಲದ್ದೇ. ಈ ವಿದ್ಯೆಯನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಮೊದಲ ದಿನದ್ದು ಒಡೆದು ಚೂರಾಯಿತು. ಮೂರನೆಯ ದಿನಕ್ಕೆ ದುಂಡಗೆ ಬಂತು.

ಬಣವೆಯ ಮರೆಯಲ್ಲಿ ಕಸ್ತೂರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಚೂರು ಚೂರು ಬಾಯಿಗಿಡುವುದು ಅವ್ವನ ಕೆಲಸ. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಮಗ್ಗಿ ಹೇಳುವುದು ನನ್ನದು. ಯಾರಾದರೂ ಬರುವ ಸಪ್ಪಳವಾದರೆ ಹದಿಮೂರರ ಮಗ್ಗಿ ಶುರು ಮಾಡಬೇಕು. ಅದೇ ನಮ್ಮ ಗುರುತು. ಮಗ್ಗಿ ಹೇಳುವ ಮಗುವನ್ನು ಯಾರೂ ನಡುವೆ ತಡೆಯುವುದಿಲ್ಲ ಎಂದು ಅವ್ವ ಲೆಕ್ಕ ಹಾಕಿದ್ದಳು. ಅದು ಸರಿಯಾಗಿತ್ತು. ಆಯಿ ಬಾಗಿಲಿಗೆ ಬಂದು, ಹದಿಮೂರೊಂಬತ್ಲೆ ನೂರಾ ಹದಿನೇಳು ಮುಗಿಯುವ ತನಕ ನಿಂತು, ಮೆಚ್ಚಿ ತಲೆ ಆಡಿಸಿ ಹೋಗುತ್ತಿದ್ದಳು. ಓಣಿಯಲ್ಲಿ ತನ್ನ ಮೊಮ್ಮಗಳು ನಸುಕಿನಲ್ಲೆದ್ದು ಓದುತ್ತಾಳೆ ಎಂದು ಹೇಳಿಕೊಂಡಳು. ನನಗೆ ಕೂಲಿ ಎಂದು ದ್ವಾಸಿಯ ಅಂಚು ಸಿಗುತ್ತಿತ್ತು. ಗರಿಗರಿ, ಸ್ವಲ್ಪ ಸುಟ್ಟದ್ದು. ನಾನೂ ಅಂಥ ಒಳ್ಳೆಯವಳಲ್ಲ. ಅವ್ವ ಹಾಲು ಹಿಂಡಲು ಎದ್ದು ಹೋದಾಗ ಕಸ್ತೂರಿಯನ್ನು ನನ್ನ ಕೈಗೆ ಕೊಡುತ್ತಿದ್ದಳು. ಆ ಕೂಸು ನಿಧಾನ ಜಗಿಯುತ್ತಿತ್ತು. ಒಂದೆರಡು ದಿನವಲ್ಲ, ಎಷ್ಟೋ ದಿನ ಅವಳ ಪಾಲನ್ನು ನಾನು ತಿಂದು, ಎಲ್ಲಾ ತಿಂದಳು ಎಂದು ಹೇಳಿದ್ದೇನೆ. ಒಂದು ದಿನ ಅವ್ವ ಅವಳ ತುಟಿಯ ಬದಲು ನನ್ನ ತುಟಿ ನೋಡಿ, ಮರುದಿನದಿಂದ ಎರಡು ತಂಬಿಗೆ ತೆಗೆಯಲು ಶುರು ಮಾಡಿದಳು. ಬಯ್ಯಲಿಲ್ಲ. ಹಾಗೆ ಎತ್ತಿನ ಪಾಲಿನ ಅರ್ಧ ನಮ್ಮದಾಯಿತು.

ಮೂರು ತಿಂಗಳಲ್ಲಿ ಕಸ್ತೂರಿಯ ಪಾದ ಇಳಿಯಿತು. ಗೋಡೆ ಹಿಡಿದು ನಡೆದಳು, ಆಮೇಲೆ ಬಿಟ್ಟು ನಡೆದಳು. ಆಯಿಯ ಹರಕೆ ಫಲಿಸಿತು ಎಂದರು. ಅದೇ ಹೊತ್ತಿಗೆ ಸಂಕೇಶ್ವರದಲ್ಲಿ ಶರ್ಯತ್ತು ಬಂತು. ಬಂಡಿಗೆ ಎರಡು ಎತ್ತು ಬೇಕು. ಹರಣ್ಯಾನ ಜೊತೆಗೆ ಕಟ್ಟುತ್ತಿದ್ದದ್ದು ದಡ್ಡಿ ಊರಿನ ಬಸಪ್ಪಜ್ಜ ಎಂಬ ಹಿರಿಯರ ಎತ್ತು. ಆ ಸಲ ನಮ್ಮ ಬಂಡಿಯೇ ಗೆದ್ದಿತು. ಬಹುಮಾನ ಒಂದು ಗೋಡೆ ಗಡಿಯಾರ. ಗುಲಾಲಿನಲ್ಲಿ ಮಿಂದು ಬಂದ ಅಪ್ಪ, ಕಾಕಾ ಇಬ್ಬರನ್ನೂ ಓಣಿಯವರು ಹೆಗಲ ಮೇಲೆ ಹೊತ್ತು ತಂದರು. ಮೂಡಲಗಿಯಿಂದ ಫೋಟೋದವನನ್ನು ಕರೆಸಿದರು. ಎತ್ತು ಗದ್ದಲಕ್ಕೆ ಬೆದರಿ ನಿಲ್ಲಲೊಲ್ಲದು, ಆದ್ದರಿಂದ ಅವ್ವ ತಿನಿಸಿನ ಬೋಗುಣಿ ಹಿಡಿದು ಅದರ ಮುಂದೆ ನಿಲ್ಲಬೇಕಾಯಿತು. ಪಡಸಾಲೆಯಲ್ಲಿ ಇವತ್ತಿಗೂ ಆ ಫೋಟೋ ಇದೆ. ನಡುವೆ ಎತ್ತು, ಎರಡು ಬದಿಗೆ ಪಟಗಾ ಸುತ್ತಿದ ಇಬ್ಬರು, ಅಂಚಿನಲ್ಲಿ ಅರ್ಧ ಅವ್ವ. ಅವಳ ಪ್ರಾಯದ ಚಿತ್ರ ಅದೊಂದೇ. ಮೊನ್ನೆ ಶ್ರದ್ಧಾಂಜಲಿಯ ಬ್ಯಾನರು ಮಾಡಿಸಲು ಅದನ್ನೇ ಕತ್ತರಿಸಿ ದೊಡ್ಡದು ಮಾಡಿದರು. ಕಿವಿಯ ಪಕ್ಕದಲ್ಲಿ ಕೋಡಿನ ತುದಿ ಉಳಿದುಕೊಂಡಿತ್ತು, ಅದರ ಮೇಲೆ ಒಂದು ಗುಲಾಬಿ ಹೂವು ಅಂಟಿಸಿ ಮುಚ್ಚಿದರು.

ಗೆದ್ದ ಮೇಲೆ ಕಾಕಾ ಪಂಡಿತನಾದ. ಎತ್ತಿನ ಗೆಲುವು ಇರುವುದು ಕಾಲಲ್ಲಿ ಅಲ್ಲ ತಿನಿಸಿನಲ್ಲಿ ಎಂದು ಚಹಾದಂಗಡಿಯಲ್ಲಿ ಉಪನ್ಯಾಸ ಕೊಟ್ಟ. ಎಂಟು ತತ್ತಿಯನ್ನು ಹತ್ತು ಎಂದ. ತಾನೇ ಕೈಯಾರೆ ಕಲಸುತ್ತೇನೆ ಎಂದೂ ಹೇಳಿದ. ಹೇಳಿ ಹೇಳಿ ಅವನಿಗೇ ಅದು ನಿಜ ಅನ್ನಿಸಿರಬೇಕು. ಹುಕ್ಕೇರಿಯ ಕಡೆ ದೊಡ್ಡ ಓಟ ಬರಲಿತ್ತು. ಇನ್ನು ಹೆಂಗಸರ ಕೈಗೆ ಬಿಟ್ಟರೆ ಆಗದು, ಕಲಸುವುದರಿಂದ ಗೊಟ್ಟದವರೆಗೆ ಎಲ್ಲಾ ನಾನೇ ಮಾಡುತ್ತೇನೆ ಎಂದು ಒಂದು ಬೆಳಿಗ್ಗೆ ಅವ್ವನನ್ನು ಕೊಟ್ಟಿಗೆಯಿಂದ ಹೊರಗೆ ಕಳಿಸಿದ. ಒರಳಿನ ಮುಂದೆ ಅವನು ಕೂತ ಭಂಗಿಯನ್ನು ನಾನು ಮರೆತಿಲ್ಲ. ಗುಂಡು ತಿರುಗಿಸಲು ಬಾರದೆ ಹುರುಳಿಯನ್ನು ಕುಟ್ಟುತ್ತಿದ್ದ.

ಹದಿನೈದು ದಿನ ಕಳೆಯಲಿಲ್ಲ, ಕಸ್ತೂರಿಯ ಪಾದದಲ್ಲಿ ಮತ್ತೆ ಕುಳಿ ಬಿತ್ತು. ಅವ್ವ ದಿನವೂ ಬೆಳಿಗ್ಗೆ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಳು. ನನ್ನ ಪಾಲಿನ ರೊಟ್ಟಿಯನ್ನು ನಾನು ತಂಗಿಗೆ ಕೊಟ್ಟರೂ ನುಂಗುತ್ತಿರಲಿಲ್ಲ. ಹುಸೇನಬಿ ಒಮ್ಮೆ ಎರಡು ತತ್ತಿ ಬೇಯಿಸಿ ಸೆರಗಿನಲ್ಲಿ ತಂದಳು. ಕಾಕಾ ನೋಡಿ ಅವಳಿಗೆ ಹಿಂಬಾಗಿಲೂ ಇಲ್ಲದಂತೆ ಮಾಡಿ, ಎತ್ತಿನ ತತ್ತಿಯನ್ನು ತಾನೇ ಹೋಗಿ ತರತೊಡಗಿದ. ಮನೆಯಲ್ಲಿ ಒಂದು ಎತ್ತಿಗೆ ಹತ್ತು ತತ್ತಿ, ಒಂದು ಕೂಸಿಗೆ ಹರಕೆ.

ಅಂಥದರಲ್ಲಿ ಬಸಪ್ಪಜ್ಜ ತಮ್ಮ ಮಗನನ್ನು ಕರೆದುಕೊಂಡು ದಡ್ಡಿಯಿಂದ ಬಂದರು. ತಮ್ಮ ಎತ್ತು ಹರಣ್ಯಾನ ಸಮಕ್ಕೆ ಓಡಲಿಲ್ಲ, ತಿನಿಸು ಏನು ಹಾಕುತ್ತೀರಿ ಎಂದು ಕೇಳಿ ಬರೆದುಕೊಂಡು ಹೋಗುವುದು ಅವರ ಉದ್ದೇಶ. ಪಡಸಾಲೆಯಲ್ಲಿ ಹೊಸ ಗಡಿಯಾರದ ಕೆಳಗೆ ಜಮಖಾನೆ ಹಾಸಿತ್ತು. ಮಗ ನೋಟುಬುಕ್ಕು ತೆಗೆದ. ಕಾಕಾ ಒಂದೊಂದೇ ಹೇಳತೊಡಗಿದ, ಎರಡು ಸೇರು ಹುರುಳಿ, ಹತ್ತು ತತ್ತಿ, ಒಂದು ಹನಿ ಕಡಿಮೆ ಮಾಡಿದರೂ ಎತ್ತು ನಿಲ್ಲುತ್ತದೆ ಎಂದ. ಅಪ್ಪ ಪಕ್ಕದಲ್ಲಿ ಕೂತು ಹೂಂಗುಡುತ್ತಿದ್ದ. ಅವ್ವ ಚಹಾ ತಂದಳು. ನಮ್ಮ ಮನೆಯ ಸೊಸೆಯಂದಿರು ಪಡಸಾಲೆಯಲ್ಲಿ ಪರರ ಎದುರು ಬಾಯಿ ತೆರೆಯುವವರಲ್ಲ. ಕಪ್ಪು ಇಟ್ಟು ತಲೆ ಬಗ್ಗಿಸಿ ಹೊರಡಬೇಕು. ಅವಳು ಹೊರಡಲಿಲ್ಲ. ನಾನು ಬಾಗಿಲ ಸಂದಿಯಲ್ಲಿದ್ದೆ. ಅವಳು ತಾಟನ್ನು ಎದೆಗೆ ಒತ್ತಿ ಹಿಡಿದು ಬಸಪ್ಪಜ್ಜನ ಕಡೆ ತಿರುಗಿದಳು.

“ಅಜ್ಜಾರ, ಅದರಾಗ ಅರ್ಧಾ ತಗದ ಬರಕೊಳ್ರಿ. ಅರ್ಧಾ ನನ್ನ ಮಗಳ ತಿಂದಾಳ.”

ಕಾಕಾ ನಗಲು ನೋಡಿದ. ಹೆಂಗಸಿಗೆ ತಲೆ ಸರಿ ಇಲ್ಲ ಎಂದ. ಅವ್ವ ಅವನ ಕಡೆ ತಿರುಗಲೇ ಇಲ್ಲ. ಶರ್ಯತ್ತಿಗೆ ಮುಂಚಿನ ಮೂರು ತಿಂಗಳು ದಿನಾ ಬೆಳಿಗ್ಗೆ ಎಷ್ಟು ತೆಗೆದಳು, ಎತ್ತಿಗೆ ಬದಲಿಗೆ ಏನು ತುಂಬಿದಳು, ಮಗುವಿಗೆ ಹೇಗೆ ಬೇಯಿಸಿ ಕೊಟ್ಟಳು, ಎಲ್ಲವನ್ನೂ ಬಸಪ್ಪಜ್ಜನಿಗೇ ಹೇಳಿದಳು. ಡಾಕ್ಟರು ಹೇಳಿದ್ದನ್ನೂ ಹೇಳಿದಳು. ಬೂಸಾ ತಿಂದು ಗೆದ್ದ ಎತ್ತಿನ ಒಡೆಯರು ಇಬ್ಬರೂ ಜಮಖಾನೆಯ ಹೂವನ್ನು ನೋಡುತ್ತ ಕೂತಿದ್ದರು. ಬಸಪ್ಪಜ್ಜ ಚಹಾ ಪೂರ್ತಿ ಕುಡಿದು, ಕಪ್ಪು ಬಸಿ ಕೆಳಗಿಟ್ಟು ಮಗನಿಗೆ ಹೇಳಿದರು.

“ಹಂಗಾರ ಒಂದ ಸೇರು ಅಂತ ಬ‌ರಿ.” ಆಮೇಲೆ ಅಪ್ಪನಿಗೆ: “ಆ ಕೂಸಿನ್ನ ಕರೀರಿ. ಎತ್ತ ಆಮ್ಯಾಲ ನೋಡೂಣಂತ.”

ಕಸ್ತೂರಿಯನ್ನು ನಾನೇ ಎತ್ತಿಕೊಂಡು ಹೋದೆ. ಅವರು ಅವಳ ಪಾದವನ್ನು ಕೈಯಲ್ಲಿ ಹಿಡಿದು, ಎತ್ತಿನ ಗೊರಸು ನೋಡುವವರಂತೆ ತಿರುಗಿಸಿ ನೋಡಿದರು. ಅವಳಿಗೆ ಕಚಗುಳಿಯಾಗಿ ನಕ್ಕಳು. ಅವರು ನಗಲಿಲ್ಲ.

“ಇವತ್ತಿಂದ ಈ ಕೂಸಿನ ಪಾಲ ಬ್ಯಾರೆ ತಗೀರಿ. ಇಲ್ಲಂದ್ರ ನಮ್ಮ ಎತ್ತ ನಿಮ್ಮ ಎತ್ತಿನ ಜೋಡಿ ಕಟ್ಟೂದಿಲ್ಲ.”

ಅಪ್ಪ ಒಪ್ಪಿದ. ತಕ್ಷಣ ಒಪ್ಪಿದ. ಡಾಕ್ಟರ ಮಾತಿಗೆ ಒಪ್ಪಲಿಲ್ಲ, ಹೆಂಡತಿಯ ಮಾತಿಗೆ ಒಪ್ಪಲಿಲ್ಲ, ಮಗಳ ಬಾತ ಪಾದಕ್ಕೆ ಒಪ್ಪಲಿಲ್ಲ. ಹುಕ್ಕೇರಿಯ ಓಟಕ್ಕೆ ಜೋಡಿ ತಪ್ಪುತ್ತದೆ ಎಂದಾಗ ಒಪ್ಪಿದ. ನನ್ನ ತಂಗಿ ಬದುಕಿದ್ದು ಒಂದು ಬಂಡಿಗೆ ಎರಡು ಎತ್ತು ಬೇಕಾಗಿದ್ದರಿಂದ. ಅವರು ಹೋದ ಮೇಲೆ ಅಪ್ಪ ಅವ್ವನಿಗೆ ಹೇಳಿದ್ದು ಒಂದೇ ಮಾತು, ಮನಿ ಮರ್ಯಾದಿ ತಗದಿ ಎಂದು. ಹೊಡೆಯಲಿಲ್ಲ. ಅದರ ಬದಲು ಅವಳ ಕೈಯ ಊಟ ಬಿಟ್ಟ. ಗಂಡ ಉಣ್ಣದಿದ್ದರೆ ಹೆಂಡತಿ ಕಾಲಿಗೆ ಬೀಳುತ್ತಾಳೆ ಎಂದು ಆ ಕಾಲದ ಗಂಡಸರು ನಂಬಿದ್ದರು. ಎರಡು ದಿನ ಕಾದು ಅವ್ವ ನನ್ನ ಹತ್ತಿರ ಅಂದದ್ದು ಇಷ್ಟು.

“ಬಿಡ. ನಾಕ ರೊಟ್ಟಿ ಕಡಿಮಿ ಬಡದ್ರಾತು.”

ಒಂದೂವರೆ ವರ್ಷ ಅಪ್ಪನಿಗೆ ಆಯಿ ಬಡಿಸಿದಳು. ಅವಳಿಗೆ ಕಣ್ಣು ಮಂಜು, ಒಮ್ಮೆ ಉಪ್ಪು ಎರಡು ಸಲ, ಒಮ್ಮೆ ಇಲ್ಲವೇ ಇಲ್ಲ. ಆಯಿ ಸೊಂಟ ಮುರಿದುಕೊಂಡು ಮಲಗಿದ ದಿನ ಮಧ್ಯಾಹ್ನ ಅವನು ಏನೂ ಆಗಿಲ್ಲದವನಂತೆ ಬಂದು ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತ. ಅವ್ವ ಬಡಿಸಿದಳು. ಅಷ್ಟರೊಳಗೆ ಕೊಟ್ಟಿಗೆಯ ಒಲೆಯ ಮೇಲೆ ದಿನವೂ ಬೆಳಿಗ್ಗೆ ನಮ್ಮ ದ್ವಾಸಿ ರಾಜಾರೋಷವಾಗಿ ಬೇಯುತ್ತಿತ್ತು. ಆಯಿ ಅದಕ್ಕೆ ‘ಎತ್ತಿನ ದ್ವಾಸಿ’ ಎಂದು ಹೆಸರಿಟ್ಟು, ಓಣಿಯ ಹೆಂಗಸರ ಎದುರು ಎಷ್ಟೋ ಸಲ ಮೂಗು ಮುರಿದಿದ್ದಳು. ಹುಸೇನಬಿಗೆ ಹಿಂಬಾಗಿಲು ಮತ್ತೆ ತೆರೆದಿತ್ತು. ಅವಳು ಕಸ್ತೂರಿಯ ಗಲ್ಲ ಹಿಂಡಿ, ಏನ, ಶರ್ಯತ್ತಿಗೆ ಹೊಂಟೀಯೇನವಾ ಎಂದು ಕೇಳುತ್ತಿದ್ದಳು. ಹುಕ್ಕೇರಿಯ ಓಟದಲ್ಲಿ ಹರಣ್ಯಾ ನಡುದಾರಿಯಲ್ಲಿ ನಿಂತುಬಿಟ್ಟಿತು. ಕಾಕಾ ಪೂರ್ತಿ ತಿನಿಸು ಹಾಕಿದ್ದ ಸಲ ಅದು.

ಆ ಕಾಕಾ ಈಗಲೂ ಇದ್ದಾನೆ. ಅಪ್ಪ ತೀರಿ ಎಷ್ಟೋ ವರ್ಷವಾಯಿತು. ಅವ್ವ ಮೊನ್ನೆ ಹೋದಳು, ಯಾರಿಗೂ ತೊಂದರೆ ಕೊಡದೆ. ಹಾಗೆ ಹೋದದ್ದನ್ನೇ ನಮ್ಮವರು ದೊಡ್ಡ ಗುಣ ಎಂದು ಹೊಗಳುತ್ತಿದ್ದಾರೆ. ಐದನೆಯ ದಿನ ಮಣ್ಣು ಮಾಡಿದ ಜಾಗಕ್ಕೆ ಎಡೆ ಒಯ್ಯುವುದಿತ್ತು. ಒಲೆ ಹೊತ್ತಿಸಬಹುದಾಗಿತ್ತು. ಸತ್ತವರಿಗೆ ಸೇರುತ್ತಿದ್ದುದನ್ನು ಎಡೆಯಲ್ಲಿ ಇಡಬೇಕು. ದೊಡ್ಡವ್ವಗ ಏನು ಸೇರುತ್ತಿತ್ತು ಎಂದು ಕಾಕಾನ ಸೊಸೆ ಕೇಳಿದಳು. ಕಸ್ತೂರಿ ಒಂದು ಕ್ಷಣವೂ ತಡೆಯದೆ ಎತ್ತಿನ ದ್ವಾಸಿ ಎಂದಳು. ಹಿಂದಿನ ಸಂಜೆಯೇ ಹುರುಳಿ, ಉದ್ದು ನೆನೆಹಾಕಿಟ್ಟಿದ್ದಳು. ಎಡೆಗೆಂದು ತತ್ತಿ ಬಿಟ್ಟು, ಶೇಂಗಾ ಹೆಚ್ಚು ಹಾಕಿ ರುಬ್ಬಿದಳು. ಹಂಚು ಕಾಯಿಸಿ ಎಣ್ಣೆ ಸವರಿ ಒಂದು ಸೌಟು ಹೊಯ್ದಳು. ಬೆರಳಿನಷ್ಟು ದಪ್ಪ, ಸಣ್ಣ ಉರಿ, ಮೇಲೆ ಮುಚ್ಚಳ. ಎಲ್ಲಾ ಸರಿಯಾಗಿ ನೆನಪಿತ್ತು ಅವಳಿಗೆ. ಅಂಚು ಬಿಡುವುದನ್ನು ಕಾಯುತ್ತ ಕೂತವಳು ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿದಳು.

“ಅಕ್ಕಾ, ಅವ್ವ ಇದನ್ನ ತಿಂದದ್ದ ನೀ ನೋಡಿಯೇನ?”

ನಾನು ನೆನಪು ಮಾಡಿಕೊಂಡೆ. ಅವಳು ರುಬ್ಬಿದ್ದು ನೆನಪಿದೆ. ಹೊಯ್ದದ್ದು, ತಿರುವಿದ್ದು, ಚೂರು ಮಾಡಿ ಊದಿ ಆರಿಸಿದ್ದು, ಹಂಚು ಒರೆಸಿ ಬಣವೆಯಲ್ಲಿ ಬಚ್ಚಿಟ್ಟದ್ದು ನೆನಪಿದೆ. ತಿಂದದ್ದು ನೆನಪಿಲ್ಲ. ಒಂದು ತುಂಡು ಬಾಯಿಗೆ ಹಾಕಿಕೊಂಡು ಉಪ್ಪು ನೋಡಿದ್ದೂ ನೆನಪಿಲ್ಲ. ಬೇರೆ ಯಾವುದನ್ನು ಅವಳು ಇಷ್ಟಪಟ್ಟು ತಿನ್ನುತ್ತಿದ್ದಳು ಎಂದು ಹುಡುಕಿದೆ. ಎಲ್ಲರದೂ ಮುಗಿದ ಮೇಲೆ ಒಲೆಯ ಕಡೆ ಮುಖ ಮಾಡಿ, ನಮಗೆ ಬೆನ್ನು ಹಾಕಿ ಉಣ್ಣುತ್ತಿದ್ದ ಒಂದು ಹೆಂಗಸಷ್ಟೇ ಕಂಡಳು. ತಾಟಿನಲ್ಲಿ ಏನಿತ್ತೆಂದು ನಾನು ಒಮ್ಮೆಯೂ ಬಗ್ಗಿ ನೋಡಿದವಳಲ್ಲ. ಮದುವೆಯಾಗಿ ಗೋಕಾಕಕ್ಕೆ ಹೋದೆ, ಹಬ್ಬಕ್ಕೆ ಬಂದೆ, ಬಾಣಂತನಕ್ಕೆ ಬಂದೆ, ಪ್ರತಿ ಸಲವೂ ಅವಳು ಮಾಡಿದ್ದನ್ನು ಹೊಟ್ಟೆ ತುಂಬ ಉಂಡು ಡಬ್ಬಿಯಲ್ಲಿ ಕಟ್ಟಿಸಿಕೊಂಡೂ ಹೋದೆ. ನಿನಗೆ ಏನು ಸೇರುತ್ತದೆ ಎಂದು ಕೇಳಲಿಲ್ಲ. ಅಪ್ಪನನ್ನೂ ಕಾಕಾನನ್ನೂ ಇಷ್ಟು ಪುಟ ಜರೆದವಳೂ ಕೇಳಿರಲಿಲ್ಲ.

ಸೊಸೆ ತಾಟು ಹಿಡಿದು ಕಾಯುತ್ತಿದ್ದಳು. ಹೊತ್ತಾಯಿತು ಎಂದು ಕಾಕಾ ಹೊರಗಿನಿಂದ ಕರೆದ. ಕಸ್ತೂರಿ ಹಂಚಿನ ಮೇಲಿನದನ್ನು ತೆಗೆದು ಬದಿಗಿಟ್ಟು, ಉರಿ ಆರಿಸಿದಳು. ಎಡೆಗೆ ನಾವು ಸೊಸೆ ಮಾಡಿಟ್ಟಿದ್ದ ಹೋಳಿಗೆ ಇಟ್ಟು ಕಳಿಸಿದೆವು. ಹೋಳಿಗೆ ಅಪ್ಪನಿಗೆ ಸೇರುತ್ತಿತ್ತು.